ಪದ್ಯದ ಸಂಗಾತಿಯಾದ ಚಿತ್ರ

1823ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ಪಟ್ಟಣದ ಪತ್ರಿಕೆಯೊಂದರಲ್ಲಿ ಕರ್ತೃವಿನ ಹೆಸರಿಲ್ಲದೆ ಅಚ್ಚಾಗಿ, 1844ರಲ್ಲಿ ಕ್ಲೆಮೆಂಟ್ ಕ್ಲಾರ್ಕ್ ಮೂರನ ಕವನಸಂಗ್ರಹವನ್ನು ಸೇರಿದ ಸಂತ ನಿಕೊಲಸನ ಪದ್ಯದಲ್ಲಿ, ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಹೊಗೆಗೂಡಿನಿಂದ ಇಳಿದುಬರುವವನು ಪುಟ್ಟ ಹಿಮಬಂಡಿಯನ್ನೇರಿ ಪುಟ್ಟ ಸಾರಂಗಗಳನ್ನು ನಡೆಸುವ ಒಬ್ಬ ಕುಳ್ಳ ಯಕ್ಷ. ನಾಲ್ಕು ದಶಕಗಳ ತರುವಾಯ ಥಾಮಸ್ ನ್ಯಾಸ್ಟ್ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಚಿತ್ರಿಸತೊಡಗಿದ ಮುದುಕನಾದರೋ ಬರಬರುತ್ತ ಸ್ಥೂಲಕಾಯನಾಗಿ ಬೆಳೆದು, ಕಡೆಗೆ ಮೂರನ ಯಕ್ಷನನ್ನು ಅವನ ಪದ್ಯದೊಳಗಿಂದಲೇ ಹೊರದೂಡಿದನು. ಪದ್ಯದ ಒಂದಕ್ಷರವೂ ಬದಲಾಗಲಿಲ್ಲ. ಅದನ್ನು ಕೇಳುವ ಮಗುವಿನ ಕಣ್ಣೆದುರು ನಿಲ್ಲುವ ಮೂರ್ತಿ ಬದಲಾಯಿತು. ಚಿತ್ರಕ್ಕೆ ಇಷ್ಟು ಬಲವುಂಟಾದ ಕಾರಣ, ಅಮೆರಿಕದ ಸಚಿತ್ರ ಮಕ್ಕಳ ಕಾವ್ಯವನ್ನು ತೂಗಿನೋಡುವವರು ಚಿತ್ರಗಳ ಚೆಲುವನ್ನು ಅಳೆದರೆ ಸಾಲದು. ಪದ್ಯವು ಹೇಳದೆ ತೆರವಾಗಿಟ್ಟ ಎಡೆಯನ್ನು ಅವು ಏನು ಮಾಡಿದವೆಂದು ಕೇಳಬೇಕಾಗುತ್ತದೆ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದು ನೆಲೆಸುವುದು ಆ ಎಡೆಯಲ್ಲಿಯೇ.

1873ರಲ್ಲಿ ಮೇರಿ ಮೇಪ್ಸ್ ಡಾಜ್ ಅವರ ಸಂಪಾದಕತ್ವದಲ್ಲಿ ಹೊರಟ ‘ಸೇಂಟ್ ನಿಕೊಲಸ್’ ಮಾಸಪತ್ರಿಕೆ ಪದ್ಯವನ್ನೂ ಚಿತ್ರವನ್ನೂ ಜೊತೆಯಲ್ಲಿ ಆಸ್ವಾದಿಸುವ ಅಭ್ಯಾಸವನ್ನು ಬೆಳೆಸಿತು. ವರ್ಣಮುದ್ರಣದ ಅನುಕೂಲ ಒದಗಿದೊಡನೆ ವೈಭವದ ಕಾಲ ಬಂದಿತು. ಯೂಜೀನ್ ಫೀಲ್ಡ್ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ, 1904ರಲ್ಲಿ, ಆತನ ಶಿಶುಗೀತೆಗಳು ಮ್ಯಾಕ್ಸ್‌ಫೀಲ್ಡ್ ಪ್ಯಾರಿಷನ ವರ್ಣಚಿತ್ರಗಳೊಡನೆ ಪ್ರಕಟವಾದವು. ಪ್ಯಾರಿಷ್ ಮಹಾಕುಶಲಿ, ಆದರೂ ನಿದ್ರೆಯ ಅಂಚಿನಲ್ಲಿ ಕರಗಬೇಕಾದ ಫೀಲ್ಡನ ಲಾಲಿಗಳು ಆ ನಿಶ್ಚಲವಾದ ಪ್ರಖರ ಕಾಂತಿಯೆದುರು ಕಿರಿದಾಗಿ, ಚಿತ್ರದ ಕೆಳಗೆ ಬರೆದ ವಿವರಣೆಯಂತೆ ತೋರುತ್ತವೆ.

ಇದಕ್ಕೆ ಪ್ರತಿಯಾದ ಸಂಯಮವನ್ನು ಕಾಣಬೇಕಾದರೆ ರಾಬರ್ಟ್ ಫ್ರಾಸ್ಟ್ ಎಳೆಯರಿಗಾಗಿ ತನ್ನ ಕವಿತೆಗಳನ್ನು ಆಯ್ದುಕೊಟ್ಟ 1959ರ ‘ಯು ಕಮ್ ಟೂ’ ಪುಸ್ತಕವನ್ನು ತೆರೆಯತಕ್ಕದ್ದು. ಅದರ ಮರದಚ್ಚಿನ ಚಿತ್ರಗಳನ್ನು ಕೆತ್ತಿದ ಥಾಮಸ್ ನೇಸನ್, ನ್ಯೂ ಇಂಗ್ಲೆಂಡಿನ ಹೊಲಮನೆಗಳನ್ನೂ ಬೋಳುಮರಗಳನ್ನೂ ಆಯುಷ್ಯವೆಲ್ಲ ಕೆತ್ತಿದವನು. ಕವಿ ನಡೆದಾಡಿದ ನೆಲದ ಕಪ್ಪು ಬಿಳುಪನ್ನು ಮಾತ್ರ ಮುಂದಿಟ್ಟು, ಅಲ್ಲಿ ನಡೆಯುವ ಮನಸ್ಸನ್ನು ಓದುವವರಿಗೇ ಬಿಟ್ಟುಕೊಟ್ಟನು. 1978ರಲ್ಲಿ ಸೂಸನ್ ಜೆಫರ್ಸ್, ಹಿಮ ಸುರಿಯುವ ಸಂಜೆ ಕಾಡಿನ ಬಳಿ ಕ್ಷಣಕಾಲ ನಿಲ್ಲುವ ಪಯಣಿಗನನ್ನು ಕುರಿತ ಫ್ರಾಸ್ಟನ ಹದಿನಾರು ಸಾಲಿನ ಕವಿತೆಯೊಂದನ್ನೇ ಹಿಗ್ಗಿಸಿ ಇಡೀ ಪುಸ್ತಕವಾಗಿಸಿದರು. ಆಕೆಯ ರೇಖೆಗಳ ಸೂಕ್ಷ್ಮತೆಯನ್ನೂ, ಬಹುಮಟ್ಟಿಗೆ ವರ್ಣರಹಿತವಾದ ಹಿಮದ ನಡುವೆ ಅಲ್ಲಲ್ಲಿ ಮಾತ್ರ ಬಣ್ಣವಿಟ್ಟ ಔಚಿತ್ಯವನ್ನೂ ಮೆಚ್ಚದಿರಲಾಗದು. ಆದರೆ ಕವಿತೆಯ ಪಯಣಿಗನು ಯಾರು, ಆ ಕತ್ತಲೆ ಅವನನ್ನು ಸೆಳೆಯುವುದೇಕೆ, ಕಡೆಯಲ್ಲಿ ಒಂದೇ ಸಾಲನ್ನು ಎರಡು ಬಾರಿ ಹೇಳುವ ಆಯಾಸವು ದಾರಿಯದೋ ಬಾಳಿನದೋ ಎಂಬುದನ್ನು ಫ್ರಾಸ್ಟ್ ಹೇಳದೆ ಬಿಟ್ಟಿರಲು, ಈ ಪುಸ್ತಕದಲ್ಲಿ ಕಾಣುವವನು ಹಿಮದಲ್ಲಿ ಆಡಿ, ಕಾಡಿನ ಪ್ರಾಣಿಗಳಿಗೆ ಆಹಾರವಿಟ್ಟು ಹೋಗುವ ದಯಾಳುವಾದ ಅಜ್ಜ. ಮಗುವಿಗೆ ಸಂತೋಷವಾಗುತ್ತದೆ, ನಿಜ. ಕವಿತೆಯ ಗಹನವಾದ ಸಂದೇಹವು ಮಾತ್ರ ಅದರ ಪಾಲಿಗೆ ದೊರೆಯದೆ ಹೋಗುತ್ತದೆ. ಮಕ್ಕಳು ಅಂಥ ಸಂದೇಹವನ್ನು ತಾಳಲಾರರೆಂಬ ಅನುಕಂಪ ಈ ಪರಂಪರೆಯ ಹಳೆಯ ದೌರ್ಬಲ್ಯ. ನಾನಂತೂ ಅದನ್ನು ಒಪ್ಪಲಾರೆ.

ಕವಿಯೇ ಚಿತ್ರಕಾರನೂ ಆದಲ್ಲಿ ಈ ಬಿಕ್ಕಟ್ಟು ಬೇರೆಯದೊಂದು ರೂಪವನ್ನು ತಾಳುತ್ತದೆ. ಶೆಲ್ ಸಿಲ್ವರ್‌ಸ್ಟೀನನ 1974ರ ‘ವೇರ್ ದಿ ಸೈಡ್‌ವಾಕ್ ಎಂಡ್ಸ್’ನಲ್ಲಿ ತಲೆಯನ್ನು ಕಳೆದುಕೊಂಡ ಹುಡುಗನೊಬ್ಬ, ಹುಡುಕಲು ಕಣ್ಣುಗಳೂ ತಲೆಯೊಡನೆಯೇ ಹೋದುವಾದ್ದರಿಂದ, ಬಂಡೆಯೊಂದರ ಮೇಲೆ ಕುಳಿತು ದಣಿವಾರಿಸಿಕೊಳ್ಳುತ್ತೇನೆನ್ನುತ್ತಾನೆ. ಆತ ಬಂಡೆಯೆಂದು ಕುಳಿತಿರುವುದು ತನ್ನ ತಲೆಯ ಮೇಲೆಯೇ ಎಂಬುದನ್ನು ಪದ್ಯ ಹೇಳುವುದಿಲ್ಲ, ಹುಡುಗ ಅರಿಯ. ಪಕ್ಕದ ಚಿತ್ರವೊಂದೇ ಅದನ್ನು ಬಲ್ಲದು. ಇಲ್ಲಿ ಪದ್ಯವನ್ನು ಚಿತ್ರದಿಂದ ಬೇರ್ಪಡಿಸಿದರೆ ಎರಡೂ ಅಪೂರ್ಣವಾಗುತ್ತವೆ. ಬಣ್ಣವಿಲ್ಲದ ಬರಿಯ ಲೇಖನಿಯ ಗೆರೆ, ಸುತ್ತಲೂ ಧಾರಾಳವಾದ ಬಿಳಿಯ ಹಾಳೆ: ಇಷ್ಟರಿಂದಲೇ ಪ್ಯಾರಿಷನ ವರ್ಣಗಳಿಗೆ ಎಟುಕದ ಧ್ವನಿ ಸಿದ್ಧಿಸಿತು. 1982ರಲ್ಲಿ ನ್ಯೂಬೆರಿ ಪದಕವನ್ನು ಪಡೆದ ಮೊದಲನೆಯ ಕವಿತಾಗ್ರಂಥವೆಂಬ ಗೌರವಕ್ಕೆ ಪಾತ್ರವಾದ, ಪ್ರೊವೆನ್ಸನ್ ದಂಪತಿಗಳ ಚಿತ್ರಗಳುಳ್ಳ ನ್ಯಾನ್ಸಿ ವಿಲ್ಲರ್ಡ್ ಅವರ ಪುಸ್ತಕವು ಮನೋಹರವೇ. ಆದರೆ ಸಿಲ್ವರ್‌ಸ್ಟೀನನ ಪುಟಗಳಲ್ಲಿರುವ ಈ ಅನಿವಾರ್ಯತೆ ಅಲ್ಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಲೆಯ ಮಾತು. ಇದಕ್ಕಿಂತ ಗುರುತರವಾದ ಪ್ರಶ್ನೆ, ಆ ಚಿತ್ರಗಳಲ್ಲಿ ಯಾರ ಮುಖವಿತ್ತು ಎಂಬುದು. 1898ರಲ್ಲಿ ಇ. ಡಬ್ಲ್ಯು. ಕೆಂಬಲ್ ಪ್ರಕಟಿಸಿದ ಅಕ್ಷರಮಾಲೆಯ ಪದ್ಯಪುಸ್ತಕದಲ್ಲಿ ಕರಿಯ ಜನರು ವಿಕಾರಗೊಳಿಸಿದ ಹಾಸ್ಯದ ಬೊಂಬೆಗಳು. ಅಕ್ಷರ ಕಲಿಯುವ ವಯಸ್ಸಿನಲ್ಲಿಯೇ ತಿರಸ್ಕಾರವನ್ನೂ ಕಲಿಸಿದ ಇಂಥ ಪುಸ್ತಕಗಳು ಈ ಪರಂಪರೆಗೆ ತಗುಲಿದ ಮಹಾಕಳಂಕ. ಡಬ್ಲ್ಯು. ಇ. ಬಿ. ಡುಬಾಯ್ಸ್ 1920ರಲ್ಲಿ ‘ದಿ ಬ್ರೌನೀಸ್ ಬುಕ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಹೊರಡಿಸಿದ್ದು ಆ ವಿಷಕ್ಕೆ ಪ್ರತ್ಯೌಷಧವಾಗಿ. ಎರಡೇ ವರ್ಷ ಬಾಳಿದರೂ ಲ್ಯಾಂಗ್‌ಸ್ಟನ್ ಹ್ಯೂಸನ ಮೊದಮೊದಲ ಪದ್ಯಗಳಿಗೆ ಅದು ಎಡೆಕೊಟ್ಟಿತು. ಹ್ಯೂಸನ ‘ದಿ ಡ್ರೀಮ್ ಕೀಪರ್’ 1932ರಲ್ಲಿ ಹೆಲೆನ್ ಸ್ಯೂಎಲ್ಲರ ಚಿತ್ರಗಳೊಡನೆ ಬಂದು, 1994ರಲ್ಲಿ ಬ್ರಯನ್ ಪಿಂಕ್ನಿಯ ಚಿತ್ರಗಳೊಡನೆ ಮರುಹುಟ್ಟು ಪಡೆಯಿತು. ಪಿಂಕ್ನಿಯ ವಿಧಾನವೆಂದರೆ ಬಿಳಿಯ ಹಲಗೆಗೆ ಬಳಿದ ಕಪ್ಪು ಲೇಪವನ್ನು ಕೆರೆದು ಬೆಳಕನ್ನು ಹೊರತೆಗೆಯುವುದು. ಹ್ಯೂಸನ ಕಾವ್ಯಕ್ಕೆ ಇದಕ್ಕಿಂತ ಸಹಜವಾದ ತಂತ್ರವನ್ನು ನಾನು ಊಹಿಸಲಾರೆ. ಇನ್ನು ಕ್ವಾಮೆ ಅಲೆಗ್ಸಾಂಡರನ 2019ರ ‘ದಿ ಅನ್‌ಡಿಫೀಟೆಡ್’ನಲ್ಲಿ, ಬದುಕಿ ಉಳಿಯಲಾಗದೆ ಹೋದವರನ್ನು ಪದ್ಯ ಸ್ಮರಿಸುವಲ್ಲಿ, ಕದೀರ್ ನೆಲ್ಸನ್ ಪುಟವನ್ನು ಚಿತ್ರವಿಲ್ಲದೆ ಬಿಳುಪಾಗಿಯೇ ಬಿಟ್ಟಿದ್ದಾನೆ, ಚಿತ್ರಿಸಬಲ್ಲವನು ಚಿತ್ರಿಸದಿರುವುದೇ ಅಲ್ಲಿ ಪರಮ ಕೌಶಲ.

ಗ್ವೆಂಡೊಲಿನ್ ಬ್ರೂಕ್ಸ್ ಶಿಕಾಗೋ ನಗರದ ಕರಿಯರ ಕೇರಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರಿಟ್ಟು ಕರೆದು ಬರೆದ ‘ಬ್ರಾನ್ಸ್‌ವಿಲ್ ಬಾಯ್ಸ್ ಆ್ಯಂಡ್ ಗರ್ಲ್ಸ್’ ಕೂಡ ಎರಡು ಜನ್ಮಗಳನ್ನು ಕಂಡಿದೆ: 1956ರಲ್ಲಿ ರಾನಿ ಸಾಲ್ಬರ್ಟರ ರೇಖೆಗಳೊಡನೆ, 2007ರಲ್ಲಿ ಹಾರ್ಲೆಮಿನ ಫೇತ್ ರಿಂಗ್‌ಗೋಲ್ಡರ ಬಣ್ಣಗಳೊಡನೆ. ರಿಂಗ್‌ಗೋಲ್ಡ್ ಆ ಮಕ್ಕಳಿಗೆ ಹಬ್ಬದ ಕಳೆ ತಂದರು, ಆ ಕಳೆ ಅವರಿಗೆ ಎಂದೋ ಸಲ್ಲಬೇಕಾಗಿತ್ತು. ಬ್ರೂಕ್ಸರ ಪದ್ಯಗಳಲ್ಲಿರುವ ಇಕ್ಕಟ್ಟಾದ ಕೋಣೆಗಳೂ, ಒಬ್ಬಂಟಿಯಾಗಿ ಯೋಚಿಸಲು ಮೂಲೆಯನ್ನರಸುವ ಮಕ್ಕಳ ಏಕಾಂತವೂ ಸಾಲ್ಬರ್ಟರ ತೆಳುಗೆರೆಗಳಲ್ಲಿಯೇ ಹೆಚ್ಚು ಉಸಿರಾಡುತ್ತವೆ. ಹೊಸ ಚಿತ್ರಗಳು ಬಂದವೆಂದು ಹಳೆಯವನ್ನು ಅಂಗಡಿಯಿಂದ ತೆಗೆದಿಡುವ ಪ್ರಕಾಶಕರ ಪದ್ಧತಿ ಇದೊಂದು ಪುಸ್ತಕದ ವಿಷಯದಲ್ಲಾದರೂ ಬದಲಾಗಿ, ಎರಡು ಮುದ್ರಣಗಳೂ ಒಂದೇ ಗ್ರಂಥಾಲಯದ ಒಂದೇ ಸಾಲಿನಲ್ಲಿ ಮಕ್ಕಳ ಕೈಗೆ ಸಿಗುವಂತಾಗಬೇಕು.