ಖಾನಾಪುರದ ಮಳೆಗೆ ಎಂಥ ಬೂಟು?

ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ ಬೀಳುತ್ತದೆ. ಅಲ್ಲಿಂದ ಚೋರ್ಲಾ ಘಾಟಿನ ರಸ್ತೆ ಹಿಡಿದು, ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಗೆ ಹೋದರೆ ದಾರಿ ಐವತ್ತು ಕಿಲೋಮೀಟರಿನ ಆಸುಪಾಸು. ಸೈಕಲ್ಲಿನ ಮೇಲೆ ಅದು ಒಂದು ಬೆಳಗಿನ ಹಾದಿ. ಅಷ್ಟರೊಳಗೆ ಮಳೆ ಹಲವು ಪಟ್ಟು ಏರಿರುತ್ತದೆ. ಇದೇ ಖಾನಾಪುರ ತಾಲ್ಲೂಕಿನ ಕಾಡೊಳಗಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿ.ಮೀ. ಮೀರಿದ ಮಳೆ ದಾಖಲಾಯಿತು. ಅಂದಿನಿಂದ ಮಳೆಗೆ ಹೆಸರಾದ ಆಗುಂಬೆಯ ಜೊತೆಗೆ ಅದರ ಹೆಸರೂ ಕೇಳಿಬರತೊಡಗಿತು.

ಇಂಥ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೌಂಟನ್ ಬೈಕ್ ಓಡಿಸುವವರಿಗೆ ಅಂಗಡಿಗಳೂ ಜಾಹೀರಾತುಗಳೂ ಕೊಡುವ ಸಲಹೆ ಒಂದೇ: ನೀರು ನುಗ್ಗದ ಬೂಟು ಕೊಳ್ಳಿ. ಬೆಲೆ ಹೆಚ್ಚು, ಭರವಸೆ ಅದಕ್ಕಿಂತ ಹೆಚ್ಚು. ಆದರೆ ಪಾದ ಒಣಗಿರಬೇಕೆಂಬ ಆಸೆಯನ್ನು ಈ ಬೂಟು ಈಡೇರಿಸುವುದು ಬೇರೆ ಹವೆಯಲ್ಲಿ. ಖಾನಾಪುರದ ಬೆಚ್ಚಗಿನ ಮಳೆಯಲ್ಲಿ ಅದು ಪಾದವನ್ನು ಒಣಗಿಸುವುದಿಲ್ಲ, ಒಳಗೇ ನೆನೆಸಿಡುತ್ತದೆ.

ಕಾರಣ ಬೂಟಿನ ಕಟ್ಟಣೆಯಲ್ಲೇ ಇದೆ. ಇಂಥ ಬೂಟುಗಳ ಒಳಪದರವಾಗಿರುವ ಗೋರ್‌ಟೆಕ್ಸ್ ಮಾದರಿಯ ಪೊರೆಗೆ 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಮಾಡಿದ ಶೋಧವೇ ಮೂಲ. ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ತಟ್ಟನೆ ಎಳೆದು ಹಿಗ್ಗಿಸಿದಾಗ ಅದರಲ್ಲಿ ಅತಿ ಸೂಕ್ಷ್ಮ ರಂಧ್ರಗಳು ಮೂಡಿದವು. ಮಳೆಹನಿ ತೂರಲಾರದಷ್ಟು ಚಿಕ್ಕವು, ಬೆವರಿನ ಆವಿ ಹೊರಹೋಗುವಷ್ಟು ದೊಡ್ಡವು. ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ತೇವ ಹೊರಗಿನ ತೇವಕ್ಕಿಂತ ಹೆಚ್ಚಿದ್ದಾಗ ಮಾತ್ರ ಆವಿಯ ಒತ್ತಡದ ಅಂತರ ಅದನ್ನು ಹೊರಗೆ ತಳ್ಳುತ್ತದೆ. ಬೂಟಿನೊಳಗೆ 32 ಡಿಗ್ರಿ ಉಷ್ಣತೆಯ, ಬೆವರಿನಿಂದ ತುಂಬಿದ ಗಾಳಿ ಇದೆಯೆಂದು ಇಟ್ಟುಕೊಂಡು ಲೆಕ್ಕ ಹಾಕಬಹುದು. ಹೊರಗೆ ಯೂರೋಪಿನ ಚಳಿಗಾಲದ 5 ಡಿಗ್ರಿ ಇದ್ದರೆ ಆವಿಯ ಒತ್ತಡದ ಅಂತರ ಸುಮಾರು 4 ಕಿಲೋಪ್ಯಾಸ್ಕಲ್. ಹೊರಗೆ ಜುಲೈ ತಿಂಗಳ ಜಾಂಬೋಟಿ, ಅಂದರೆ 24 ಡಿಗ್ರಿ ಉಷ್ಣತೆ, ನೂರಕ್ಕೆ 95ರಷ್ಟು ತೇವಾಂಶ ಇದ್ದರೆ ಅಂತರ 2ಕ್ಕಿಂತ ಕಡಿಮೆ. ಬೆವರನ್ನು ಹೊರದೂಡುವ ಬಲ ಅರ್ಧಕ್ಕೆ ಇಳಿಯಿತು. ಅದೇ ಹೊತ್ತಿಗೆ ಏರು ಹತ್ತುವ ಸವಾರನ ಬೆವರು ಮಾತ್ರ ಹೆಚ್ಚುತ್ತಿರುತ್ತದೆ. ಮೇಲಿನ ಬಟ್ಟೆ ನೆನೆದು ನೀರಿನ ಪದರ ಕೂತ ಮೇಲಂತೂ ಆವಿಗೆ ದಾರಿಯೇ ಮುಚ್ಚಿದಂತೆ.

ಇನ್ನೊಂದು ದೋಷ ಇದಕ್ಕಿಂತ ಸರಳವಾದದ್ದು. ಬೂಟಿಗೆ ಮೇಲೊಂದು ಬಾಯಿ ಇದೆ. ಮೊಣಕಾಲಿನ ಮೇಲೆ ಬಿದ್ದ ಮಳೆ ಮೀನಖಂಡದ ಗುಂಟ ಇಳಿದು ಕಾಲುಚೀಲಕ್ಕೆ ಸೇರುತ್ತದೆ, ಕಾಲುಚೀಲ ಅದನ್ನು ಹೀರಿ ಒಳಗೆ ಕಳಿಸುತ್ತದೆ. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇದ್ದರೆ ಅಟ್ಟೆಯ ಬೋಲ್ಟಿನ ತೂತುಗಳಿಂದಲೂ ನೀರು ಏರುತ್ತದೆ. ರಸ್ತೆಯ ಮೇಲೆ ಹರಿಯುವ ಹಳ್ಳಕ್ಕೆ ಒಮ್ಮೆ ಕಾಲಿಟ್ಟರೆ ಸಾಕು, ಹೊರಗಿನ ನೀರು ಬರದಂತೆ ತಡೆಯುವ ಪೊರೆಯೇ ಒಳಗಿನ ನೀರು ಹೋಗದಂತೆಯೂ ತಡೆಯುತ್ತದೆ. ಖಾನಾಪುರದ ಪಶ್ಚಿಮ ಭಾಗದಲ್ಲಿ ಇದು ಅಪರೂಪದ ಸಂಗತಿಯಲ್ಲ. ಮಲಪ್ರಭೆ ಉಕ್ಕಿದಾಗ ಹಬ್ಬನಹಟ್ಟಿಯ ಮಾರುತಿ ದೇವಸ್ಥಾನವೇ ನೀರಿನಲ್ಲಿ ಮುಳುಗುತ್ತದೆ. ಕಿರುಸೇತುವೆಗಳ ಮೇಲೆ ಪಾದ ಮುಳುಗುವಷ್ಟು ನೀರು ಹರಿಯುವುದು ಅಲ್ಲಿ ಮಳೆಗಾಲದ ನಿತ್ಯದ ನೋಟ. (ಹರಿಯುವ ನೀರಿನ ಆಳ ಕಣ್ಣಿಗೆ ತಿಳಿಯದು. ಅಂಥ ಕಡೆ ಸೈಕಲ್ ಇಳಿದು ಹಿಂತಿರುಗುವುದೇ ಸರಿ. ಪಾದದ ಚಿಂತೆ ಆಮೇಲಿನದು.)

ಜಲನಿರೋಧಕ ಕಾಲುಚೀಲಗಳ ಮಾತೂ ಹೆಚ್ಚುಕಡಿಮೆ ಇದೇ. ಸೀಲ್‌ಸ್ಕಿನ್ಜ್‌ನಂಥ ಬ್ರಿಟಿಷ್ ಕಂಪನಿಗಳು ತಮ್ಮ ದೇಶದ ಚಳಿಯ ಕೆಸರಿಗೆ ಅವನ್ನು ಚೆನ್ನಾಗಿಯೇ ಮಾಡಿವೆ. ಮೇಲಂಚಿನ ಪಟ್ಟಿ ಬಿಗಿಯಾಗಿರುವ ತನಕ ಹೊರಗಿನ ನೀರು ಬಾರದು. ಬೆಳಗಾವಿಯ ಹವೆಯಲ್ಲಿ ಬೆವರು ಆ ಗೆಲುವನ್ನು ಕಿತ್ತುಕೊಳ್ಳುತ್ತದೆ. ನಿಯೋಪ್ರೀನ್ ಮೇಲ್ಬೂಟು ಡಾಂಬರು ರಸ್ತೆಗೆ ಒಗ್ಗುವ ವಸ್ತು. ಕಲ್ಲಿನ ಏರಿನಲ್ಲಿ ಇಳಿದು ಸೈಕಲ್ ತಳ್ಳಿದರೆ ಅದರ ಅಡಿಭಾಗ ಹರಿದುಹೋಗುತ್ತದೆ. ಗಂಬೂಟು ಗದ್ದೆಗೆ ಸರಿ, ಪೆಡಲ್ ತುಳಿಯುವಾಗ ಅದರೊಳಗೆ ಹಿಮ್ಮಡಿ ನಿಲ್ಲದು.

ಹಾಗಾದರೆ ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು? ಉತ್ತರ ಬೂಟಿನಲ್ಲಿಲ್ಲ, ಮುಂದಿನ ಗಾಲಿಯಲ್ಲಿದೆ. ಸವಾರನ ಪಾದಕ್ಕೆ ಬಡಿಯುವ ನೀರಿನಲ್ಲಿ ದೊಡ್ಡ ಪಾಲು ಆಕಾಶದಿಂದ ಬರುವುದಲ್ಲ, ಮುಂಗಾಲಿ ನೆಲದಿಂದ ಎತ್ತಿ ಎಸೆಯುವುದು. ಮಳೆ ನಿಂತು ಅರ್ಧ ತಾಸಾದ ಮೇಲೂ ರಸ್ತೆ ಹಸಿಯಾಗಿರುವ ತನಕ ಈ ಎರಚಲು ನಿಲ್ಲುವುದಿಲ್ಲ, ಅದು ಸೀದಾ ಪಾದಗಳ ಮೇಲೇ ಬೀಳುತ್ತದೆ. ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಸೈಕಲ್ಲುಗಳಲ್ಲಿ ಎರಡೂ ಗಾಲಿಗಳಿಗೆ ತಗಡಿನ ಪೂರ್ತಿ ಮಡಗಾರ್ಡ್ ಇರುತ್ತಿತ್ತು. ಹಾಲು ಹಾಕುವವರೂ ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುವ ಕಾರ್ಮಿಕರೂ ಅಂಥ ಸೈಕಲ್ಲುಗಳ ಮೇಲೆ ಮಳೆಗಾಲ ಕಳೆದರು. ಮೌಂಟನ್ ಬೈಕ್ ಮಡಗಾರ್ಡ್ ಇಲ್ಲದೆ ಬಂದದ್ದಕ್ಕೆ ಅದು ಹುಟ್ಟಿದ ಊರಿನ ಹವೆಯೂ ಒಂದು ಕಾರಣವಿರಬೇಕು. 1976ರಲ್ಲಿ ರೀಪ್ಯಾಕ್ ಹೆಸರಿನ ಇಳಿಜಾರಿನ ಸ್ಪರ್ಧೆ ಶುರುವಾದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಬೇಸಿಗೆಯೆಂದರೆ ಧೂಳು. ಆ ರೂಪವೇ ಜಗತ್ತಿಗೆಲ್ಲ ಹಬ್ಬಿತು.

ಮುಂಗಾಲಿಗೆ ಮಡಗಾರ್ಡ್ ಹಾಕಿ, ಅದರ ತುದಿಗೆ ನೆಲಕ್ಕೆ ಒಂದು ಗೇಣು ಉಳಿಯುವಷ್ಟು ಉದ್ದದ ರಬ್ಬರ್ ಪಟ್ಟಿ ಕಟ್ಟಿದರೆ ಪಾದಕ್ಕೆ ಆಗುವ ಉಪಕಾರ ದುಬಾರಿ ಬೂಟಿನಿಂದ ಆಗದು. ಹಳೆಯ ಟ್ಯೂಬಿನ ತುಂಡೇ ಸಾಕು.

ಆದರೆ ಇದಕ್ಕೂ ಒಂದು ಮಿತಿ ಇದೆ, ಮತ್ತು ಅದನ್ನು ಬೆಳಗಾವಿಯ ಸವಾರ ಬೇರೆಯವರಿಗಿಂತ ಚೆನ್ನಾಗಿ ಬಲ್ಲ. ಈ ನಗರ ಎರಡು ಮಣ್ಣುಗಳ ಗಡಿಯಲ್ಲಿ ಕೂತಿದೆ. ಯಳ್ಳೂರು, ವಡಗಾವಿ ಕಡೆಯ ಭತ್ತದ ಗದ್ದೆಗಳ ಎರೆಮಣ್ಣು ಹಸಿಯಾದಾಗ ಗಾಲಿಗೆ ಮೆತ್ತಿಕೊಂಡು ಮಡಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬುತ್ತದೆ. ನಾಲ್ಕು ಮಾರು ಹೋಗುವುದರೊಳಗೆ ಗಾಲಿ ತಿರುಗುವುದೇ ಇಲ್ಲ. ಪಶ್ಚಿಮಕ್ಕೆ ಹೋದಂತೆ ನೆಲ ಕೆಂಪಾಗುತ್ತದೆ. ಹಂಚಿಗೂ ಮಡಕೆಗೂ ಹೆಸರಾದ ಖಾನಾಪುರದ ಮಣ್ಣು, ಅದರಾಚೆಯ ಜಂಬಿಟ್ಟಿಗೆ ಕಲ್ಲಿನ ಕಾಡುದಾರಿ. ಜಂಬಿಟ್ಟಿಗೆಯ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ, ಅಷ್ಟಾಗಿ ಅಂಟುವುದಿಲ್ಲ. ಬದಲಿಗೆ ಅದರ ಹರಳು ಬ್ರೇಕಿನ ಪ್ಯಾಡನ್ನೂ ಬೂಟಿನ ಹೊಲಿಗೆಯನ್ನೂ ತೇಯುತ್ತದೆ. ಆದ್ದರಿಂದ ಯಳ್ಳೂರು ಕಡೆಯ ರಾಜಹಂಸಗಡಕ್ಕೆ ಹೊಲದ ದಾರಿಯಲ್ಲಿ ಹೋಗುವವರು ಗಾಲಿಗೂ ಮಡಗಾರ್ಡಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಬಿಡಬೇಕು, ಇಲ್ಲವೇ ಮಳೆ ಬಿದ್ದ ಮರುದಿನ ಡಾಂಬರು ದಾರಿಯಲ್ಲೇ ಉಳಿಯಬೇಕು. ಜಾಂಬೋಟಿ ಕಡೆಗೆ ಹೋಗುವವರಿಗೆ ಆ ತಾಪತ್ರಯ ಕಡಿಮೆ.

ಎರಚಲು ತಡೆದ ಮೇಲೂ ಪಾದ ನೆನೆಯುತ್ತದೆ. ಇದನ್ನು ಒಪ್ಪಿಕೊಂಡೇ ಮುಂದಿನ ಆಯ್ಕೆ ಮಾಡಬೇಕು. ನೀರು ಬರಲಿ, ಆದರೆ ನಿಲ್ಲದಿರಲಿ ಎನ್ನುವ ಬೂಟು ಬೇಕು. ಜಾಲರಿ ಬಟ್ಟೆಯ ಮೇಲ್ಮೈ, ತೆಳು ಅಸ್ತರಿ, ತೆಗೆದು ಹಿಂಡಬಹುದಾದ ಒಳಅಟ್ಟೆ, ಮೊಳೆಗಳಿರುವ ಚಪ್ಪಟೆ ಪೆಡಲನ್ನು ಕಚ್ಚಿ ಹಿಡಿಯುವ ಮೆತ್ತನೆಯ ರಬ್ಬರ್ ಅಟ್ಟೆ. ಇಂಥ ಬೂಟಿನಲ್ಲಿ ಹಳ್ಳ ದಾಟಿದ ಕೆಲವೇ ನಿಮಿಷಗಳಲ್ಲಿ ಪೆಡಲಿನ ತುಳಿತವೇ ನೀರನ್ನು ಹೊರಗೆ ಹಿಂಡುತ್ತದೆ. ದಪ್ಪ ಸ್ವೇಡ್ ಚರ್ಮದ, ಒಳಗೆ ಫೋಮ್ ತುಂಬಿದ ಬೂಟುಗಳು ನೋಡಲು ಗಟ್ಟಿ, ಆದರೆ ನೆನೆದರೆ ಭಾರವಾಗಿ ಎರಡು ದಿನವಾದರೂ ಒಣಗುವುದಿಲ್ಲ. ಮಳೆಗಾಲದಲ್ಲಿ ಮಾರುಕಟ್ಟೆ ತುಂಬುವ ಪ್ಲಾಸ್ಟಿಕ್ ಸ್ಯಾಂಡಲ್ ಒಣಗುವುದರಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಶಿಮಾನೊ ಕಂಪನಿಯೇ ಕ್ಲೀಟ್ ಹಾಕುವ ಸ್ಯಾಂಡಲ್ ಮಾಡಿದೆ. ರಸ್ತೆಗೆ ಅದು ಒಪ್ಪುವಂಥದ್ದು. ಆದರೆ ಲಂಟಾನದ ಮುಳ್ಳು, ಬಿದಿರಿನ ಕೂಳೆ, ಕೆಸರಿನಡಿ ಅವಿತ ಕಲ್ಲು ಇರುವ ಕಾಡಂಚಿನ ದಾರಿಗೆ ಬೆರಳು ತೆರೆದ ಪಾದರಕ್ಷೆಯನ್ನು ಒಪ್ಪಲಾಗದು. ಅಲ್ಲಿ ಜಿಗಣೆಗಳೂ ಇವೆ. ಒತ್ತಾದ ನೇಯ್ಗೆಯ ಉದ್ದ ಕಾಲುಚೀಲವೊಂದೇ ಅವಕ್ಕೆ ಸ್ವಲ್ಪ ತಡೆ.

ಕಾಲುಚೀಲದ ಮಾತು ಬಂದಾಗ ಉಣ್ಣೆಯ ಪರವಾಗಿ ನಿಸ್ಸಂಕೋಚವಾಗಿ ಹೇಳಬೇಕು. ಹತ್ತಿ ನೀರು ಕುಡಿದು ಚರ್ಮಕ್ಕೆ ಅಂಟುತ್ತದೆ, ಮಡಿಕೆ ಬಿದ್ದು ಉಜ್ಜುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಒಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ನೆನೆದ ಮೇಲೂ ಬೆಚ್ಚಗಿರುತ್ತದೆ. ಬೆಳಗಾವಿ ಜಿಲ್ಲೆಗೆ ಇದು ಹೊರಗಿನಿಂದ ಬಂದ ಅರಿವಲ್ಲ. ಇಲ್ಲಿನ ಕುರುಬರು ಡೆಕ್ಕನಿ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡಿದರು. ಆ ಕಂಬಳಿಯ ಕೊಪ್ಪೆ ಹೊದ್ದು ಮಳೆಯಲ್ಲಿ ಕುರಿ ಕಾದರು. ಆ ಉಣ್ಣೆ ಒರಟು, ಪಾದಕ್ಕೆ ಹಾಕಿಕೊಳ್ಳುವಂಥದ್ದಲ್ಲ. ಕಾಲುಚೀಲಕ್ಕೆ ಮೆರಿನೊದ ನವುರು ಎಳೆಯೇ ಬೇಕು, ಅದು ಹೆಚ್ಚಾಗಿ ಆಸ್ಟ್ರೇಲಿಯಾದಿಂದ ಬರುವಂಥದ್ದು. ಬೆಲೆ ಚುರುಕು ಮುಟ್ಟಿಸುತ್ತದೆ. ಆದರೂ ಜಲನಿರೋಧಕ ಬೂಟಿನ ದುಡ್ಡಿಗೆ ಇಂಥ ಹಲವು ಜೊತೆ ಬರುತ್ತವೆ, ಮತ್ತು ಹಲವು ಜೊತೆ ಇರುವುದೇ ಮುಖ್ಯ. ಒಂದು ಒಣ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡವರು ಕಣಕುಂಬಿಯ ಚಹಾದಂಗಡಿಯಲ್ಲಿ ಕಾಲು ಒರೆಸಿ ಅದನ್ನು ಹಾಕಿಕೊಂಡರೆ ಹಿಂದಿರುಗುವ ದಾರಿಯೇ ಬೇರೆಯಾಗುತ್ತದೆ.

ಖಾನಾಪುರದ ನಾಟಿಗದ್ದೆಗಳಲ್ಲಿ ಕಾಣುವುದೂ ಇದೇ ತರ್ಕ. ತಲೆ ಬೆನ್ನಿಗೆ ಕೊಪ್ಪೆ, ಕಾಲಿಗೆ ಏನೂ ಇಲ್ಲ. ದಿನವಿಡೀ ಕಾಲನ್ನು ನೀರಿಗೆ ಬಿಟ್ಟು, ಸಂಜೆ ತೊಳೆದು, ಒಲೆಯ ಮುಂದೆ ಕಾಯಿಸಿ ಎಣ್ಣೆ ಸವರುತ್ತಾರೆ. ಸವಾರರು ಕಲಿಯಬೇಕಾದದ್ದು ಈ ಸಂಜೆಯ ಶಿಸ್ತನ್ನು. ಆದರೆ ಇದನ್ನು ಹಳ್ಳಿಯ ಸೊಗಸೆಂದು ಹೊಗಳಿ ಮುಗಿಸುವುದು ಅನ್ಯಾಯ. ನಾಟಿಯ ದಿನಗಳಲ್ಲಿ ಬೆರಳ ಸಂದುಗಳು ಬೆಳ್ಳಗಾಗಿ ಬಿರಿದು ಕೀವು ತುಂಬುವ ನೋವು ಅಲ್ಲಿನ ಹೆಂಗಸರಿಗೆ ಗೊತ್ತು. ಭೀಮಗಡ ಅಭಯಾರಣ್ಯದೊಳಗಿನ ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವಗಳ ಜನ ಮಳೆಗಾಲದಲ್ಲಿ ಕೆಸರು ತುಳಿದೇ ಪೇಟೆಗೆ ಬರಬೇಕು. ಅವರ ಒದ್ದೆ ಪಾದ ಆಯ್ಕೆಯಲ್ಲ. ಆ ದಾರಿಗಳನ್ನು ಅನುಮತಿಯಿಲ್ಲದೆ ಸೈಕಲ್ಲಿನಿಂದ ಉತ್ತು ಕೊಚ್ಚೆ ಮಾಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಚರ್ಮ ಎಷ್ಟು ಹೊತ್ತು ನೆನೆಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. 1914–15ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ದಿನಗಟ್ಟಲೆ ಕೆಸರಲ್ಲಿ ನಿಂತ ಬ್ರಿಟಿಷ್ ಸೇನೆಯ ಸಾವಿರಾರು ಸೈನಿಕರ ಪಾದಗಳು ಕೊಳೆತಾಗ, ಸೇನೆ ಆಶ್ರಯಿಸಿದ್ದು ಹೊಸ ಬೂಟನ್ನಷ್ಟೇ ಅಲ್ಲ. ದಿನವೂ ಬೂಟು ಬಿಚ್ಚಿ, ಪಾದ ಒಣಗಿಸಿ, ತಿಮಿಂಗಿಲದ ಎಣ್ಣೆ ಉಜ್ಜಿ, ಒಣ ಕಾಲುಚೀಲ ಹಾಕಿಸುವ ಕಟ್ಟುನಿಟ್ಟು ಬಂದ ಮೇಲೆ ಕಾಯಿಲೆ ಇಳಿಯಿತು. ಮೂರ್ನಾಲ್ಕು ತಾಸಿನ ಸವಾರಿಯಲ್ಲಿ ಅಂಥ ಅಪಾಯವಿಲ್ಲ. ಆದರೆ ಒದ್ದೆ ಬೂಟಿನಲ್ಲೇ ಕಚೇರಿಯಲ್ಲಿ ಕೂತು, ಮರುದಿನ ಅದೇ ಹಸಿ ಬೂಟಿಗೆ ಕಾಲು ತೂರಿಸುವವರ ಬೆರಳ ಸಂದಿನಲ್ಲಿ ಶಿಲೀಂಧ್ರ ನೆಲೆಯಾಗುತ್ತದೆ, ಹಿಮ್ಮಡಿಯಲ್ಲಿ ಸಣ್ಣ ಕುಳಿಗಳು ಬಿದ್ದು ನಾರತೊಡಗುತ್ತದೆ. ಸವಾರಿ ಮುಗಿದ ಕೂಡಲೇ ಬೂಟಿನ ಒಳಅಟ್ಟೆ ತೆಗೆದು, ಮನೆಗೆ ಬರುವ ಕನ್ನಡವೋ ಮರಾಠಿಯೋ ಹಳೆಯ ಪತ್ರಿಕೆಯನ್ನು ಉಂಡೆ ಮಾಡಿ ತುಂಬಬೇಕು, ತಾಸೆರಡು ತಾಸಿಗೆ ಬದಲಿಸಬೇಕು, ಫ್ಯಾನಿನ ಕೆಳಗಿಡಬೇಕು. ಒಲೆಯ ಹತ್ತಿರ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ಎರಡು ಜೊತೆ ಅಗ್ಗದ ಬೂಟು ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು ಒಂದು ಜೊತೆ ದುಬಾರಿ ಬೂಟಿಗಿಂತ ಮೇಲು.

ಜಲನಿರೋಧಕ ಬೂಟಿಗೆ ಇಲ್ಲಿ ಕೆಲಸವೇ ಇಲ್ಲವೆಂದಲ್ಲ. ನಗರದೊಳಗೆ ಟಿಳಕವಾಡಿಯಿಂದ ಕ್ಯಾಂಪಿಗೆ ಹದಿನೈದು ನಿಮಿಷದ ದಾರಿ, ಬೆವರುವ ಮುಂಚೆಯೇ ಮುಗಿಯುವಂಥದ್ದು. ಅಲ್ಲಿ ಅದು ತನ್ನ ಮಾತು ಉಳಿಸಿಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಜೊತೆ ಜಿಟಿಜಿಟಿ ಹಿಡಿದ ಬೆಳಗುಗಳಲ್ಲಿ ಬೆರಳು ಮರಗಟ್ಟುವವರಿಗೂ ಅದು ಸಹಾಯ.

ಯಾವ ಬೂಟೂ ಪೂರ್ತಿ ಕಾಪಾಡದ ಸಂಗತಿ ಒಂದಿದೆ. ಗದ್ದೆಯ ನೀರಲ್ಲಿ, ಗಟಾರ ಉಕ್ಕಿ ರಸ್ತೆಗೆ ಬಂದ ನೀರಲ್ಲಿ ಇಲಿಗಳ ಮೂತ್ರದಿಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಸೇರಿರಬಹುದು. ನೆನೆದು ಬಿರಿದ ಚರ್ಮ, ಜಿಗಣೆ ಕಚ್ಚಿದ ಗಾಯ, ಪೆಡಲ್ ತರಚಿದ ಮೀನಖಂಡ ಅದಕ್ಕೆ ಬಾಗಿಲು. ಅದರಿಂದ ಬರುವ ಇಲಿಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು, ಅಷ್ಟರಲ್ಲಿ ಸವಾರಿ ಮರೆತುಹೋಗಿರುತ್ತದೆ. ಗಾಯವಿದ್ದ ದಿನ ನಿಂತ ನೀರಿಗೆ ಇಳಿಯದಿರುವುದು, ಮನೆಗೆ ಬಂದೊಡನೆ ಸಾಬೂನಿನಿಂದ ಕಾಲು ತೊಳೆಯುವುದು ಮೊದಲ ರಕ್ಷಣೆ. ಆಮೇಲೂ ಚಳಿಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರ ಬಳಿ ಹೋಗಿ, ಯಾವ ನೀರಿನಲ್ಲಿ ಕಾಲಿಟ್ಟಿದ್ದೆವು ಎಂಬುದನ್ನು ಅವರು ಕೇಳುವ ಮೊದಲೇ ಹೇಳಬೇಕು.