ಊರು ಹಂಚುವ ಲೆಕ್ಕ

ಸ್ವಿಟ್ಜರ್ಲೆಂಡ್ ತನ್ನಲ್ಲಿ ಆಶ್ರಯ ಕೋರಿ ಬಂದವರನ್ನು ಕ್ಯಾಂಟನ್ ಎಂಬ ತನ್ನ 26 ಪ್ರಾಂತ್ಯಗಳಿಗೆ ಜನಸಂಖ್ಯೆಯ ಪ್ರಮಾಣ ನೋಡಿ ಹಂಚುತ್ತ ಬಂದಿದೆ. ಫ್ರೆಂಚ್ ಬಲ್ಲವನು ಜರ್ಮನ್ ಆಡುವ ಊರಿನ ಪಾಲಾದರೆ ಅದು ಅವನ ಹಣೆಬರಹ. ಈ ಹಣೆಬರಹವನ್ನು ತಿದ್ದಬಹುದೆಂದು 2018ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಜ್ಯೂರಿಕ್‌ನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಲ್ಗಾರಿದಮ್ ಮಂಡಿಸಿದರು. ಹಿಂದೆ ಬಂದವರಲ್ಲಿ ಎಂಥವರಿಗೆ ಎಲ್ಲಿ ಕೆಲಸ ಸಿಕ್ಕಿತು ಎಂಬುದನ್ನು ಕಲಿತು ಅದು ಹೊಸಬರಿಗೆ ಊರು ಸೂಚಿಸುತ್ತದೆ. ಹಳೆಯ ದಾಖಲೆಗಳ ಮೇಲೆ ಪರೀಕ್ಷಿಸಿದಾಗ, ಸ್ವಿಟ್ಜರ್ಲೆಂಡಿನಲ್ಲಿ ಮೂರನೆಯ ವರ್ಷಕ್ಕೆ ಉದ್ಯೋಗದಲ್ಲಿರುವವರ ಪ್ರಮಾಣ ಶೇ. 15ರಿಂದ 26ಕ್ಕೆ ಏರಬಹುದೆಂಬ ಅಂದಾಜು ಬಂತು. ಇದು ಸಣ್ಣ ಲಾಭವಲ್ಲ. ಆದರೆ ಲಾಭ ದೊಡ್ಡದಾದ ಮಾತ್ರಕ್ಕೆ ಹಂಚಿಕೆ ನ್ಯಾಯವಾಗುವುದಿಲ್ಲ. ಆ ಲಾಭ ಯಾರ ಪಾಲಿಗೆ ಬಂತು, ಅದಕ್ಕಾಗಿ ಯಾರು ಬಿಟ್ಟುಕೊಟ್ಟರು ಎಂಬುದನ್ನೂ ಕೇಳಬೇಕು.

ಈ ಲೆಕ್ಕದ ಗುರಿ ಒಟ್ಟು ಮೊತ್ತ. ಒಳ್ಳೆಯ ಊರುಗಳಲ್ಲಿ ಜಾಗ ಕಡಿಮೆ. ಅಲ್ಲಿಗೆ ಹೋದರೆ ಯಾರಿಂದ ಮೊತ್ತ ಹೆಚ್ಚು ಬೆಳೆಯುತ್ತದೋ ಅವರಿಗೇ ಅದು ಜಾಗ ಕೊಡುತ್ತದೆ. ಎಲ್ಲಿ ಹೋದರೂ ಕೆಲಸ ಸಿಗುವುದು ಕಷ್ಟವಿರುವ ವಯಸ್ಸಾದವರು, ಓದು ಕಡಿಮೆಯಿರುವವರು ಉಳಿದದ್ದರಲ್ಲಿ ತೃಪ್ತಿಪಡಬೇಕಾದೀತು. ಇದು ಬರಿಯ ಊಹೆಯಲ್ಲ. ಅಮೆರಿಕ ಮತ್ತು ನೆದರ್‌ಲೆಂಡ್ಸ್‌ನ ದಾಖಲೆಗಳನ್ನು ಬಳಸಿದ ಮುಂದಿನ ಅಧ್ಯಯನವೊಂದು, ಮೂಲ ದೇಶ, ವಯಸ್ಸು, ಓದಿಗೆ ತಕ್ಕಂತೆ ಫಲ ತೀರಾ ಬೇರೆಯಾಗಬಲ್ಲದೆಂದು ತೋರಿಸಿತು. ಜೊತೆಗೆ, ಒಂದೂರಿನ ಮಾಲೀಕರು ಒಂದು ದೇಶದವರನ್ನು ಕೆಲಸಕ್ಕೆ ಸೇರಿಸಿಕೊಳ್ಳದಿದ್ದರೆ, ಯಂತ್ರ ಅದನ್ನು ಆ ಜನರ ‘ಕಡಿಮೆ ಸಾಧ್ಯತೆ’ ಎಂದೇ ಓದುತ್ತದೆ. ಊರಿನ ತಪ್ಪು ಬಂದವನ ಖಾತೆಗೆ ಜಮೆಯಾಗುತ್ತದೆ. ಅಮೆರಿಕದ ದಾಖಲೆಗಳಲ್ಲಂತೂ ಎಣಿಸಿದ್ದು ಬಂದ 90 ದಿನಗಳಲ್ಲಿ ಕೆಲಸ ಸಿಕ್ಕಿತೇ ಎಂದು. ದಾದಿಯೊಬ್ಬಳು ಕೋಳಿ ಮಾಂಸದ ಕಾರ್ಖಾನೆಗೆ ಸೇರಿದರೂ ಆ ಲೆಕ್ಕಕ್ಕೆ ಅದು ಗೆಲುವೇ.

ಹಳೆಯ ಪದ್ಧತಿಯಾದರೂ ನ್ಯಾಯವಾಗಿತ್ತೇ ಎಂದು ಕೇಳಬಹುದು. ಇರಲಿಲ್ಲ. ಆದರೆ ಕುರುಡು ಹಂಚಿಕೆ ಯಾರನ್ನೂ ಅಳೆಯುತ್ತಿರಲಿಲ್ಲ. ಅಳೆಯುವುದಕ್ಕೆ ಹೊರಟವರ ಮೇಲೆ ಅಳತೆಗೋಲನ್ನು ಸಮರ್ಥಿಸುವ ಹೊಣೆಯೂ ಬೀಳುತ್ತದೆ. ನ್ಯಾಯ ನೋಡುತ್ತ ಕೂತರೆ ಒಟ್ಟು ಲಾಭ ಕರಗೀತು ಎಂಬ ಆತಂಕಕ್ಕೂ ಅಮೆರಿಕ, ನೆದರ್‌ಲೆಂಡ್ಸ್ ದಾಖಲೆಗಳ ಆ ಅಧ್ಯಯನದಲ್ಲೇ ಉತ್ತರವಿದೆ: ದುರ್ಬಲ ಗುಂಪುಗಳಿಗೆ ರಕ್ಷಣೆ ಕೊಟ್ಟಾಗ ಒಟ್ಟು ಉದ್ಯೋಗದಲ್ಲಿ ಆದ ಇಳಿಕೆ ಸುಮಾರು ಶೇ. 1ರಿಂದ 5 ಮಾತ್ರ.

ನ್ಯಾಯ ಬೇಕೆಂದರೆ ಬಂದವರ ಇಷ್ಟವನ್ನೂ ಕೇಳಬೇಕು. ಊರುಗಳನ್ನೇ ಅರಿಯದವರ ಇಷ್ಟ ಕೇಳಿ ಏನು ಫಲ ಎಂಬುದು ಇದಕ್ಕೆ ಬರುವ ಆಕ್ಷೇಪ. ಊರಿನ ಹೆಸರು ಗೊತ್ತಿಲ್ಲದಿದ್ದರೂ ತನಗೆ ಬೇಕಾದದ್ದು ಮಗುವಿನ ಚಿಕಿತ್ಸೆಯೋ, ತನ್ನ ಭಾಷೆಯ ಜನರೋ, ಬೇಸಾಯದ ಕೆಲಸವೋ ಎಂಬುದು ಯಾರಿಗಾದರೂ ಗೊತ್ತಿರುತ್ತದೆ. ಜರ್ಮನಿಯ ‘ಮ್ಯಾಚ್‌ಇನ್’ ಯೋಜನೆ ಇಂಥದ್ದನ್ನು ಕೇಳಿಯೇ ಹೊಂದಿಸಲು ಯತ್ನಿಸಿತು. ಕಾನೂನುಬದ್ಧವಾಗಿ ನೆಲೆಸಿದ ನಿರಾಶ್ರಿತರಿಗೆ ವಾಸದ ಜಾಗ ಆರಿಸಿಕೊಳ್ಳುವ ಹಕ್ಕನ್ನು 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದದ 26ನೇ ವಿಧಿ ಕೊಡುತ್ತದೆ. ಅಲ್ಗಾರಿದಮ್ ಆ ಆಯ್ಕೆಗೆ ನೆರವಾಗಲಿ, ಆಯ್ಕೆಯನ್ನೇ ತಾನು ಮಾಡುವುದು ಬೇಡ. ನಾಲ್ಕೈದು ಊರುಗಳನ್ನು ಕಾರಣಸಹಿತ ಮುಂದಿಟ್ಟು, ಕೊನೆಯ ಮಾತನ್ನು ಅಲ್ಲಿ ಬದುಕಬೇಕಾದವರಿಗೆ ಬಿಡುವಷ್ಟು ಜಾಗ ಈ ಲೆಕ್ಕದಲ್ಲಿ ಖಂಡಿತ ಇದೆ.