ಗಣಕ ಪಂಚಾಂಗಗಳಲ್ಲಿ ಅಂಕಿಗಳ ನಿಷ್ಕೃಷ್ಟತೆ

ಗಣಕಯಂತ್ರದ ನೆರವಿನಿಂದ ಸಿದ್ಧವಾಗುವ ಪಂಚಾಂಗಗಳು ತಿಥಿಯ ಅಂತ್ಯವನ್ನೂ ಸೂರ್ಯೋದಯವನ್ನೂ ಸೆಕೆಂಡಿನವರೆಗೆ ಕೊಡುವುದುಂಟು. ಇಷ್ಟು ಅಂಕಿಗಳಿಗೆ ಆಧಾರವೇನೆಂಬುದನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ. ಸೂರ್ಯೋದಯಕಾಲದ ತಿಥಿಯೇ ಬಹುಮಟ್ಟಿಗೆ ಆ ದಿನದ ತಿಥಿಯೆನಿಸುವುದರಿಂದ, ಈ ಎರಡು ಕಾಲಗಳು ಸಮೀಪಿಸಿದಾಗ ಅಲ್ಪದೋಷವೂ ವ್ರತದ ದಿನವನ್ನೇ ಬದಲಿಸಬಲ್ಲದು.

ಮೊದಲನೆಯ ದೋಷ ಗಣಕದ ಒಳಗಿನದು. ಜೂಲಿಯನ್ ದಿನಸಂಖ್ಯೆ ಈಗ 24 ಲಕ್ಷ 60 ಸಾವಿರವನ್ನು ದಾಟಿದೆ. 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯು ಇಷ್ಟು ದೊಡ್ಡ ಮೊತ್ತದ ಬಳಿ ಕಾಲು ದಿನಕ್ಕಿಂತ ಸೂಕ್ಷ್ಮವಾದ ಭೇದವನ್ನು ಅರಿಯದು. ಆದುದರಿಂದ ಕಾಲವು ಮೂರು ಗಂಟೆಯವರೆಗೆ ತಪ್ಪಬಹುದು. ಅಷ್ಟರಲ್ಲಿ ಚಂದ್ರನು ಸುಮಾರು ಒಂದೂವರೆ ಅಂಶ ಸರಿದಿರುತ್ತಾನೆ. 64 ಬಿಟ್‌ಗಳಲ್ಲಿ ಈ ಭೇದವು ಸೆಕೆಂಡಿನ ಲಕ್ಷ ಪಾಲಿನಲ್ಲಿ ನಾಲ್ಕು ಪಾಲು ಮಾತ್ರ. ಪಂಚಾಂಗಕ್ಕೆ ಇದು ಧಾರಾಳವಾಗಿ ಸಾಕು. ಸಂಖ್ಯೆಯನ್ನು ಚಿಕ್ಕದಾಗಿಸುವ ವಿವೇಕ ನಮ್ಮ ಕರಣಗ್ರಂಥಕಾರರಿಗೂ ಇತ್ತು. ಕಲ್ಯಾದಿಯಿಂದ ಎಣಿಸಿದ ಅಹರ್ಗಣದ ಭಾರವನ್ನು ತೊರೆದು, ಗಣೇಶ ದೈವಜ್ಞನು 1520ನ್ನು ಆರಂಭವಾಗಿಟ್ಟುಕೊಂಡ ಗ್ರಹಲಾಘವದಲ್ಲಿ 4016 ದಿನಗಳ ಚಕ್ರಗಳನ್ನು ಬಳಸಿದನು.

ಎರಡನೆಯ ದೋಷ ಹೊರಗಿನದು, ಹೆಚ್ಚು ಗಂಭೀರವಾದುದು. ಹೊಸಕೋಟೆಗಿಂತ ನೆಲಮಂಗಲದಲ್ಲಿ ಸೂರ್ಯೋದಯವು ಸುಮಾರು ಒಂದೂವರೆ ನಿಮಿಷ ತಡ. ಬಿಂಬದ ಮೇಲಂಚಿನ ಉದಯಕ್ಕೂ ಕೇಂದ್ರದ ಉದಯಕ್ಕೂ ಒಂದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವಿದೆ. ವಾಯುಮಂಡಲದ ವಕ್ರೀಭವನವನ್ನು ಗಣಿಸದಿದ್ದರೆ ಇನ್ನೂ ಎರಡು ನಿಮಿಷಕ್ಕೆ ಮಿಕ್ಕ ಅಂತರ ಕೂಡುತ್ತದೆ. ಹೀಗಿರಲು ಇಡೀ ಜಿಲ್ಲೆಗೆ ಒಂದೇ ಸೂರ್ಯೋದಯವನ್ನು ಸೆಕೆಂಡುಗಳೊಡನೆ ಅಚ್ಚಿಸುವುದು ನಿಷ್ಕೃಷ್ಟತೆಯಲ್ಲ, ಅದರ ಆಭಾಸ.

ಹೊಸಕೋಟೆಯ ಬಳಿಯ ಕ್ರೆಸ್ಟ್ ಆವರಣದಿಂದ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತಾರೆ. ದೂರದರ್ಶಕವನ್ನು ಗುರಿಯಿಡುವಲ್ಲಿ ಒಂದು ಸೆಕೆಂಡಿನ ಕಾಲದೋಷವು ಆಕಾಶದಲ್ಲಿ 15 ವಿಕಲೆಗಳವರೆಗೆ ತಪ್ಪಿಸುತ್ತದೆ. ನಕ್ಷತ್ರವೇ ಆ ತಪ್ಪನ್ನು ತೋರಿಸಿಕೊಡುತ್ತದೆ. ಗ್ರಹಣದ ದಿನಗಳನ್ನು ಬಿಟ್ಟರೆ ಪಂಚಾಂಗದ ಓದುಗನಿಗೆ ಅಂಥ ಸಾಕ್ಷಿಯಿಲ್ಲ. ಅವನು ಅಚ್ಚಾದ ಅಂಕಿಯನ್ನೇ ನಂಬಬೇಕು.

ಆದಕಾರಣ ಪಂಚಾಂಗಕರ್ತರು ಗಣಿತದ ಸ್ಥಳವನ್ನೂ ಉದಯದ ಲಕ್ಷಣವನ್ನೂ ದೋಷದ ಮಿತಿಯನ್ನೂ ಮೊದಲ ಪುಟದಲ್ಲೇ ತಿಳಿಸಬೇಕು. ಸೂರ್ಯೋದಯವನ್ನು ನಿಮಿಷಕ್ಕೆ ನಿಲ್ಲಿಸಬೇಕು. ತಿಥ್ಯಂತವು ಆ ಮಿತಿಯೊಳಗೆ ಸೂರ್ಯೋದಯಕ್ಕೆ ತಾಗಿದ ದಿನವನ್ನು ಸಂದಿಗ್ಧವೆಂದೇ ಗುರುತಿಸುವುದು ಶಾಸ್ತ್ರಕ್ಕೂ ಓದುಗನಿಗೂ ಸಲ್ಲಿಸುವ ನ್ಯಾಯವೆಂದು ನಮ್ಮ ಅಭಿಪ್ರಾಯ.